ಫೋನು ಕೇಳಿಸಿಕೊಂಡ ಕನ್ನಡ

ನಮ್ಮ ಮನೆಗೆ ಬರುವವರು ಈಗೀಗ ಫೋನನ್ನು ಚೀಲದ ತಳಕ್ಕೆ ತುರುಕಿಕೊಂಡು ಬರುತ್ತಾರೆ. ಕಣ್ಣಿಗೆ ಬಿದ್ದರೆ ನಾನು ಎತ್ತಿಕೊಂಡುಬಿಡುತ್ತೇನೆ ಎಂಬ ಹೆದರಿಕೆ. ಎತ್ತಿಕೊಳ್ಳುವುದು ನಿಜ. ಬಂದವರಿಗೆ ನೀರು ಕೊಟ್ಟು, ಚಹಾಕ್ಕೆ ಇಟ್ಟು, ಅದು ಕುದಿಯುವಷ್ಟರಲ್ಲಿ ಅವರ ಫೋನಿಗೆ ಹೊಸದೊಂದು ಆ್ಯಪ್ ಹಾಕಿ, ಎಲ್ಲಿ ಒತ್ತಬೇಕು ಎಂದು ತೋರಿಸಿ, ಕೆಲಸಕ್ಕೆ ಬಾರದವನ್ನು ಕಿತ್ತುಹಾಕಿ ವಾಪಸು ಕೊಡುತ್ತೇನೆ. ಬೇಡ ಎಂದವರಿಗೂ ಹಾಕಿಕೊಡುತ್ತೇನೆ. ನಮ್ಮ ಯಜಮಾನರು ಬಾಗಿಲಲ್ಲೇ ನಿಂತು ಎಚ್ಚರಿಸುತ್ತಾರೆ: “ಇಕಿ ಕೈಯಾಗ ಫೋನ ಕೊಡಬ್ಯಾಡ್ರಿ. ತಿರುಗಿ ಬರೂದ್ರಾಗ ಅದರ ಮಾರಿನ ಬ್ಯಾರೆ ಆಗಿರ್ತದ.” ಅವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಸೊಲ್ಲಾಪುರದ ಒಂದು ಕಚೇರಿಯಲ್ಲಿ ಜೀವನವೆಲ್ಲ ಫೈಲಿಗೆ ದಾರ ಕಟ್ಟಿದವಳು ನಾನು. ನಿವೃತ್ತಿಯಾದ ಮೇಲೆ ನನ್ನ ಜೊತೆಯ ಹೆಂಗಸರಲ್ಲಿ ಕೆಲವರು ಭಜನೆಗೆ ಸೇರಿದರು, ಕೆಲವರು ಸೊಸೆಯರ ಬೆನ್ನು ಹತ್ತಿದರು. ನನಗೆ ಫೋನಿನ ಹುಚ್ಚು ಹಿಡಿಯಿತು. ಯಾರೂ ಕಲಿಸಲಿಲ್ಲ, ನಾನೇ ಒತ್ತಿ ಒತ್ತಿ ಕಲಿತೆ. ಒಮ್ಮೆ ಇಡೀ ಫೋನು ಜಪಾನಿ ಭಾಷೆಗೆ ಹೊರಳಿಬಿಟ್ಟಿತ್ತು. ಅದನ್ನು ವಾಪಸು ಕರೆದುಕೊಂಡು ಬಂದವಳೂ ನಾನೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಕ್ಷರ ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯ ಆ್ಯಪ್ ಒಂದು ಇರುತ್ತದೆ, ಅದನ್ನು ಮೊದಲು ಹಾಕಿಸಿಕೊಳ್ಳಿ. ಶೇಂಗಾ ಚಟ್ನಿಯ ಪೊಟ್ಟಣದ ಮೇಲೆ ಯಾವಾಗ ಮಾಡಿದ್ದು ಎಂದು ಇರುವೆಯ ಕಾಲಿನಷ್ಟು ಸಣ್ಣಗೆ ಬರೆದಿರುತ್ತಾರಲ್ಲ, ಅದನ್ನು ಅಂಗಡಿಯಲ್ಲೇ ಓದಿ ಅಂಗಡಿಯವನ ಮುಖ ನೋಡುವ ಸುಖವೇ ಬೇರೆ. ಮೇಸ್ತ್ರಿಗಳ ಮಟ್ಟಗೋಲಿನ ಕೆಲಸ ಮಾಡುವ ಆ್ಯಪ್ ಒಂದಿದೆ. ಅದನ್ನು ನಮ್ಮ ಅಡಿಗೆಮನೆಯ ಹಲಗೆಯ ಮೇಲಿಟ್ಟೆ, ಗುಳ್ಳೆ ಒಂದು ಮೂಲೆಗೆ ಓಡಿಹೋಯಿತು. ಆ ಹಲಗೆ ಬಡಿದವರು ನಮ್ಮ ಯಜಮಾನರು. “ಭೂಮಿನ ವಾಲ್ಯಾದ, ನನ್ನ ಹಲಗಿ ಸೀದಾ ಅದ,” ಎಂದು ಇವತ್ತಿಗೂ ವಾದಿಸುತ್ತಾರೆ.

ಗಿಡದ ಚಿತ್ರ ತೆಗೆದರೆ ಹೆಸರು ಹೇಳುವ ಆ್ಯಪ್ ಮಜಾ ಕೊಡುತ್ತದೆ, ಆದರೆ ರೈತರ ಮುಂದೆ ತೆಗೆಯಬೇಡಿ. ನಮ್ಮ ಭಾವನವರ ಹೊಲ ಕುರನೂರಿನಲ್ಲಿ, ಅಣೆಕಟ್ಟಿನ ಹತ್ತಿರ. ಅವರ ಬಿಳಿಜೋಳದ ಮುಂದೆ ಹಿಡಿದೆ, ‘ಅಲಂಕಾರದ ಹುಲ್ಲು, ಕುಂಡದಲ್ಲಿ ಬೆಳೆಸಬಹುದು’ ಎಂದಿತು. ಭಾವ ಬಹಳ ಹೊತ್ತು ಜೋಳವನ್ನೇ ನೋಡಿ, “ಹಂಗಾದ್ರ ಇನ್ನ ಮ್ಯಾಲ ಹೂವಿನ ಭಕ್ರಿ ತಿನ್ನೂಣು,” ಎಂದರು. ಭಕ್ರಿ ಎಂದರೆ ನಮ್ಮ ಜೋಳದ ರೊಟ್ಟಿ. ಹೆಜ್ಜೆ ಎಣಿಸುವ ಆ್ಯಪ್ ಮಾತ್ರ ಬೇಡವೇ ಬೇಡ. ಪಕ್ಕದ ಮನೆಯಾಕೆಗೆ ಹಾಕಿಕೊಟ್ಟೆ. ಆಕೆ ಸಂಜೆತನಕ ಜೋಕಾಲಿಯ ಮೇಲೆ ಕುಳಿತು ಕಡಲೆ ತಿಂದಳು. ಫೋನು ಆಕೆಗೆ ಶಾಭಾಷ್ ಹೇಳಿ ಪದಕ ಕೊಟ್ಟಿತು. ಆ ಪದಕವನ್ನು ನನಗೆ ದಿನಾ ತೋರಿಸುತ್ತಾಳೆ.

ಇಷ್ಟೆಲ್ಲ ಜಂಭ ಕೊಚ್ಚುವ ನಾನು ಸೋತು ಕುಳಿತದ್ದು ಒಬ್ಬಳ ಮುಂದೆ. ಆಕೆ ನನ್ನ ಅಕ್ಕ.

ಅಕ್ಕ ಅಕ್ಕಲಕೋಟೆಯಲ್ಲಿರುತ್ತಾಳೆ. ಭಾವ ದಿನಾ ಬೆಳಗ್ಗೆ ಮೋಟಾರ್ ಸೈಕಲ್ ಹತ್ತಿ ಹೊಲಕ್ಕೆ ಹೋಗಿ ಬರುತ್ತಾರೆ. ಅಕ್ಕನಷ್ಟು ಮಾತು ಬಲ್ಲ ಹೆಂಗಸು ನಮ್ಮ ಬಳಗದಲ್ಲಿಲ್ಲ. ಯಾರ ಮನೆಯಲ್ಲಿ ಯಾವ ಸೊಸೆ ಯಾವ ಸೀರೆಗೆ ಮುನಿಸಿಕೊಂಡಳು ಎಂಬುದು ಆ ಮನೆಯವರಿಗಿಂತ ಮೊದಲು ಅಕ್ಕನಿಗೆ ಗೊತ್ತಿರುತ್ತಿತ್ತು. ಮಧ್ಯಾಹ್ನ ಊಟ ಮುಗಿದು, ಪಾತ್ರೆ ಒರಗಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡ ಕೂಡಲೇ ಆಕೆಯ ಫೋನು ಬರುತ್ತಿತ್ತು. ‘ಏನ ಮಾಡಿದ್ದಿಬೇ ಇವತ್ತ?’ ಎಂದು ಶುರುವಾದರೆ ನಡುವೆ ಒಂದು ಜಗಳ, ಒಂದು ನಗು, ಒಂದು ಅಳು ಆಗಿಯೇ ಮುಗಿಯುತ್ತಿತ್ತು. ಆ ಫೋನಿಲ್ಲದೆ ನನ್ನ ಮಧ್ಯಾಹ್ನ ಮಧ್ಯಾಹ್ನವೇ ಅಲ್ಲ.

ಆಮೇಲೆ ಆಕೆಯ ಕಿವಿ ಹೋಗತೊಡಗಿತು. ಮೊದಮೊದಲು ‘ಹಾಂ?’ ಎನ್ನುವಳು. ನಾನು ಮತ್ತೆ ಹೇಳುವೆ. ಮತ್ತೆ ‘ಹಾಂ?’ ಮೂರನೆಯ ಸಲ ಹೇಳುವಾಗ ಯಾವ ಚಾಡಿಗೂ ರುಚಿ ಉಳಿಯುವುದಿಲ್ಲ. ನಾನು ಕಿರುಚಿದರೆ ನಮ್ಮ ಓಣಿಗೆಲ್ಲ ಕೇಳುತ್ತಿತ್ತು, ಆಕೆಗೊಬ್ಬಳಿಗೇ ಕೇಳುತ್ತಿರಲಿಲ್ಲ. ವೈದ್ಯರು ನೋಡಿ ಕಿವಿಗೆ ಹಾಕುವ ಮಷೀನು ಬರೆದುಕೊಟ್ಟರು. ಅಕ್ಕ ಅದನ್ನು ಒಂದು ದಿನ ಹಾಕಿಕೊಂಡಳು. “ಭಾಂಡಿ ಸಪ್ಪಳ ಬರ್ತದ, ಗಾಡಿ ಸಪ್ಪಳ ಬರ್ತದ, ಇವರು ಹಪ್ಪಳ ತಿನ್ನೂ ಸಪ್ಪಳನೂ ಬರ್ತದ. ಮಾತೊಂದ ಬರಂಗಿಲ್ಲ,” ಎಂದು ತೆಗೆದು ಬಳೆಯ ಡಬ್ಬಿಯಲ್ಲಿಟ್ಟಳು. ಅದು ಅಲ್ಲೇ ಇದೆ. ಮಧ್ಯಾಹ್ನದ ಫೋನೂ ನಿಂತುಹೋಯಿತು.

ಅದರಲ್ಲಿ ನನ್ನ ಮಗಳ ಸಾಕರಪುಡಾ ಗೊತ್ತಾಯಿತು. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಹಾಗೆನ್ನುತ್ತೇವೆ, ಮರಾಠಿಯಿಂದ ಬಂದ ಮಾತು. ಹುಡುಗನ ಕಡೆಯವರು ಚಪಳಗಾಂವದ ಒಕ್ಕಲುತನದವರು, ಮನೆಮಾತು ನಮ್ಮದೇ ಕನ್ನಡ. ಇಂಥ ಕಾರ್ಯದಲ್ಲಿ ಊಟಕ್ಕೆ ಮುಂಚೆ ಹೆಂಗಸರೆಲ್ಲ ಸುತ್ತ ಕುಳಿತು ಒಡಪು ಹೇಳುವ ಪದ್ಧತಿ ನಮ್ಮಲ್ಲಿದೆ. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸ ಕಟ್ಟಿ ಅದರ ಕೊನೆಗೆ ಹೇಳಬೇಕು. ಮೊದಲ ಒಡಪು ಮನೆಯ ಹಿರಿಯ ಮಗಳದು. ಅಂದರೆ ಅಕ್ಕನದು. ಆಕೆ ಒಡಪು ಹೇಳಲು ಎದ್ದರೆ ಗಂಡಸರು ಎಲೆಯಡಿಕೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಸುದ್ದಿ ಭಾವನ ಕೈಸನ್ನೆಯಲ್ಲಿ ಅಕ್ಕನಿಗೆ ಮುಟ್ಟಿತು. ಆಮೇಲೆ ಎಷ್ಟೋ ದಿನಗಳ ಮೇಲೆ ಆಕೆಯ ಫೋನು ಬಂತು. ನಾನು ಓಡಿಹೋಗಿ ಎತ್ತಿಕೊಂಡೆ.

“ನಾ ಬರಂಗಿಲ್ಲ,” ಎಂದಳು. “ಬಂದು ಏನ ಮಾಡ್ಲಿ? ಸುತ್ತಿಟ್ಟ ಹಾಸಿಗಿ ಆಗಿ ಮೂಲ್ಯಾಗ ಕುಂದರ್ಲಿ? ಪಾವಣ್ಯಾರು ಏನಾರ ಕೇಳತಾರ, ನಾ ಇನ್ನೇನಾರ ಅಂತೀನಿ, ನಿನ್ನ ಮಗಳ ಮಾನ ಹೋಗ್ತದ. ನೀ ಈಗ ಏನ ಹೇಳಿದ್ರೂ ನಂಗ ಕೇಳಂಗಿಲ್ಲ, ಅದಕ್ಕ ಹೇಳಬ್ಯಾಡ.” ಫೋನು ಇಟ್ಟುಬಿಟ್ಟಳು.

ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಗೋಡೆಗೆ ಎಸೆದೆ. ಆಮೇಲೆ ಅತ್ತೆ. ಅಕ್ಕ ಇಲ್ಲದ ಸಾಕರಪುಡಾ ನನಗೆ ಬೇಡವಾಗಿತ್ತು. ಇನ್ನೂ ದೊಡ್ಡ ಹೆದರಿಕೆಯೊಂದಿತ್ತು: ಈ ಸಲ ಬರದಿದ್ದರೆ ಆಕೆ ಇನ್ನು ಯಾವುದಕ್ಕೂ ಬರುವುದಿಲ್ಲ, ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಾಳೆ. ಯಜಮಾನರು ಲಟ್ಟಣಿಗೆ ಎತ್ತಿ ತಂದು ಕೊಟ್ಟು, “ನಿನ್ನ ಫೋನಿನ್ಯಾಗ ಇದಕ್ಕೇನೂ ಔಷಧ ಇಲ್ಲೇನ?” ಎಂದರು. ಚುಚ್ಚಲೆಂದೇ ಅಂದದ್ದು. ಆದರೆ ನನ್ನ ತಲೆಯಲ್ಲಿ ದೀಪ ಹತ್ತಿತು.

ಇತ್ತು. ನಾವು ಆಡಿದ ಮಾತನ್ನು ಕೇಳಿಸಿಕೊಂಡು ಆಗಿಂದಾಗಲೇ ಅಕ್ಷರ ಮಾಡಿ ಪರದೆಯ ಮೇಲೆ ಬರೆಯುವ ಆ್ಯಪ್. ಕಿವಿ ಕೇಳದವರು ಓದಿಕೊಳ್ಳಬಹುದು. ಇಷ್ಟು ದಿನ ಅದನ್ನು ನಾನು ಯಜಮಾನರ ಮಧ್ಯಾಹ್ನದ ಗೊರಕೆ ಬರೆಸಿ ನಗಲು ಬಳಸುತ್ತಿದ್ದೆ. ‘ಖರೇ ಖರೇ’ ಎಂದು ಬರೆದಿತ್ತು.

ಮರುದಿನವೇ ಅಕ್ಕಲಕೋಟೆಯ ಬಸ್ಸು ಹತ್ತಿದೆ. ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ಹೊರಟವರ ನಡುವೆ ಸೀಟು ಹಿಡಿದು, ದಾರಿಯುದ್ದಕ್ಕೂ ಫೋನಿನ ಜೊತೆ ಮಾತಾಡಿ ತಯಾರಿ ಮಾಡಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ಸ್ವಲ್ಪ ಸ್ವಲ್ಪವೇ ಸರಿದು ಕಡೆಗೆ ಬೇರೆ ಸೀಟಿಗೆ ಹೋದಳು.

ಅಕ್ಕ ನನ್ನನ್ನು ನೋಡಿ ಹಿಗ್ಗಿದಳು, ಆಮೇಲೆ ನೆನಪಾಗಿ ಮುಖ ಬಿಗಿದಳು. ನಾನು ಪಕ್ಕದಲ್ಲಿ ಕುಳಿತು, ಫೋನನ್ನು ಆಕೆಯ ಮುಂದೆ ಹಿಡಿದು, ಕನ್ನಡ ಎಂಬಲ್ಲಿ ಒತ್ತಿ ಕೇಳಿದೆ: “ಅಕ್ಕಾ, ಏನ ಮಾಡಾಕತ್ತೀ?”

ಫೋನು ಒಂದು ಕ್ಷಣ ಯೋಚಿಸಿ ಬರೆಯಿತು: ‘ಅಕ್ಕ, ಏನು ಮಾಡ, ಕತ್ತೆ?’

ಎಳೆದು ತುಂಡರಿಸಿ ಮಾತಾಡುವ ನಮ್ಮ ಕನ್ನಡ ಅದಕ್ಕೆ ಗೊತ್ತೇ ಇರಲಿಲ್ಲ. ಭಾವ ಎಲ್ಲಿ ಹೋಗ್ಯಾರ ಎಂದು ಕೇಳಿದರೆ ‘ಹೊಗೆ ಯಾರ’ ಎಂದು ಬರೆಯಿತು. ಪುಣ್ಯಕ್ಕೆ ಅಕ್ಕ ಕತ್ತೆಯನ್ನೂ ಓದಲಿಲ್ಲ, ಹೊಗೆಯನ್ನೂ ಓದಲಿಲ್ಲ. ಪರದೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಈ ಜಿಲೇಬಿ ಯಾರಿಗೆ ಓದಾಕ ಬರ್ತಾವ್ಬೇ?” ಎಂದಳು.

ನಾನು ಹಣೆ ಬಡಿದುಕೊಂಡೆ. ಅದನ್ನು ಹೇಗೆ ಮರೆತೆನೋ! ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಒಂದೇ ಮಾತು ಆಡುತ್ತೇವೆ, ಆದರೆ ನಮ್ಮ ಅಕ್ಷರ ಬೇರೆ. ಅಪ್ಪ ಅಕ್ಕನನ್ನು ಅಕ್ಕಲಕೋಟೆಯಲ್ಲಿ ಮನೆಯ ಹಿಂದಿದ್ದ ಮರಾಠಿ ಶಾಲೆಗೆ ಹಾಕಿದರು. ನಾನು ನಾಗಣಸೂರಿನ ಅಜ್ಜಿಯ ಮನೆಯಲ್ಲಿ ಬೆಳೆದೆ, ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದೆ. ಅಕ್ಕ ಬಾಯಿ ತೆರೆದರೆ ಕನ್ನಡ, ಓದಲು ಕುಳಿತರೆ ಮರಾಠಿಯ ಬಾಳಬೋಧ, ಅಂದರೆ ದೇವನಾಗರಿ ಲಿಪಿ. ಕನ್ನಡದ ಒಂದಕ್ಷರವೂ ಆಕೆಗೆ ಬಾರದು. ನಮ್ಮ ಕಡೆ ಹೀಗಿರುವವರೇ ಹೆಚ್ಚು, ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಸರಿ, ಮರಾಠಿಗೆ ಒತ್ತಿದೆ. ಮರಾಠಿಯಲ್ಲೇ ಕೇಳಿದೆ: “ಅಕ್ಕಾ, ತೂ ಕಶೀ ಆಹೇಸ್?” ನೀನು ಹೇಗಿದ್ದೀ ಎಂದು. ಫೋನು ಒಂದು ಕೊಂಬೂ ತಪ್ಪದೆ ಬಾಳಬೋಧದಲ್ಲಿ ಬರೆಯಿತು. ಅಕ್ಕ ಓದಿದಳು. ಓದಿ ಕೆಂಡವಾದಳು.

“ನನ್ನ ಜೋಡಿ ಮರಾಠಿ ಯಾಕ? ನಾ ಏನ ಬಸ್ಸಿನ ಕಂಡಕ್ಟರ ಅದೀನೇನ? ಕಿವಿ ಹೋದ್ವು ಅಂತ ಪಾವಣಿ ಮಾಡಿದಿ ಏನ ನನ್ನ?”

ಪಾವಣಿ ಎಂದರೆ ನೆಂಟರಾಕೆ, ಹೊರಗಿನವಳು. ಆಕೆಯ ಮಾತು ತಪ್ಪಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ, ಹೊರಗಿನವರೊಡನೆ ನಾವು ಮರಾಠಿ ಆಡುತ್ತೇವೆ. ಹಸಿವು, ಜಗಳ, ಹೊಟ್ಟೆನೋವು ಎಲ್ಲ ಕನ್ನಡದಲ್ಲಿ. ಒಡಹುಟ್ಟಿದವಳ ಹತ್ತಿರ ಮರಾಠಿಯಲ್ಲಿ ‘ಹೇಗಿದ್ದೀ’ ಎಂದು ಕೇಳಿದಾಗ ನನಗೇ ನಾಚಿಕೆಯಾಗಿತ್ತು. ಇಬ್ಬರಿಗೂ ಚೆನ್ನಾಗಿ ಬರುವ ಭಾಷೆ, ಆದರೂ ನಮ್ಮಿಬ್ಬರ ನಡುವೆ ಅದಕ್ಕೆ ಜಾಗವಿರಲಿಲ್ಲ.

ಉಳಿದದ್ದು ಒಂದೇ ದಾರಿ. ಫೋನು ಮರಾಠಿಯಲ್ಲೇ ಇರಲಿ, ನಾನು ಕನ್ನಡವನ್ನೇ ಆಡುವುದು. ಅಕ್ಷರವಾದರೂ ಆಕೆಗೆ ಬರುತ್ತದಲ್ಲ! ಮೊದಲು ‘ಹೌದು’ ಎಂದೆ. ಫೋನು ‘ಹೌದ’ ಎಂದು ಬರೆಯಿತು. ಮರಾಠಿಯಲ್ಲಿ ಹಾಗೆಂದರೆ ನೀರಿನ ತೊಟ್ಟಿ. ‘ಆಯ್ತು’ ಎಂದೆ. ‘ಆಯೀ ತೂ’ ಎಂದು ಬರೆಯಿತು, ಅಂದರೆ ‘ಅಮ್ಮಾ ನೀನು’. ಅಕ್ಕ ಕನ್ನಡಕ ಏರಿಸಿ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದಳು. “ನೀರಿನ ಹೌದ ಎಲ್ಲಿ ಅದ? ಯಾರ ಆಯಿ? ಏನ ಹಚ್ಚೀದಿ?” ಎಂದಳು.

ನನಗೆ ಸಾಕಾಗಿಹೋಯಿತು. ಮನಸ್ಸಿನಲ್ಲಿದ್ದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಜೀವನದಲ್ಲಿ ಎಂದೂ ಆಕೆಯ ಮುಂದೆ ಆಡದ ಮಾತು ಅದು, ನಮ್ಮ ಮನೆಗಳಲ್ಲಿ ಇಂಥದನ್ನೆಲ್ಲ ಯಾರು ಬಾಯಿಬಿಟ್ಟು ಹೇಳುತ್ತಾರೆ? ಕಣ್ಣು ತುಂಬಿಕೊಂಡು ಫೋನಿಗೆ ಹೇಳಿದೆ: “ನೀ ಇಲ್ದ ಭಾಳ ಬ್ಯಾಸರ.”

ಫೋನು ಬರೆಯಿತು: ‘ನೀ ಇಲ್ದ ಬಾಳ ಬೇಸನ್.’

ಬಾಳ ಎಂದರೆ ಮರಾಠಿಯಲ್ಲಿ ಮಗು, ಕೂಸು. ಬೇಸನ್ ಎಂದರೆ ಕಡಲೆಹಿಟ್ಟು. ಅಕ್ಕ ಓದಿದಳು. ತಲೆಯಾಡಿಸಿದಳು. “ಹಸಿವಾಗ್ಯಾದ ಅಂತ ಮೊದಲಽ ಹೇಳಬಾರದ? ಅದಕ್ಕ ಅಳೂದ ಯಾಕ?” ಎಂದು ಎದ್ದು ಅಡಿಗೆಮನೆಗೆ ಹೋದಳು. ಡಬ್ಬಿ ತೆಗೆದ ಸಪ್ಪಳ, ಉಳ್ಳಾಗಡ್ಡಿ ಹೆಚ್ಚಿದ ಸಪ್ಪಳ, ಒಗ್ಗರಣೆಯ ಚುಂಯ್ ಎಂಬ ಸಪ್ಪಳ ಬಂದವು. ನಾನು ನನ್ನ ಬಾಳ ಬೇಸನನ್ನು ಕೈಯಲ್ಲಿ ಹಿಡಿದುಕೊಂಡು ಪಡಸಾಲೆಯಲ್ಲಿ ಕುಳಿತೇ ಇದ್ದೆ. ಅಷ್ಟು ಕಷ್ಟಪಟ್ಟು ಪ್ರೀತಿ ತೋಡಿಕೊಂಡರೆ ಸಿಕ್ಕಿದ್ದು ಕಡಲೆಹಿಟ್ಟಿನ ಪಲ್ಯ, ಝುಣಕಾ.

ಭಾವ ಹೊಲದಿಂದ ಬಂದರು. ಮೂವರೂ ಊಟಕ್ಕೆ ಕುಳಿತೆವು. ಕಡಕ್ ಭಕ್ರಿ ಮುರಿದು ಝುಣಕಾದಲ್ಲಿ ಅದ್ದಿ ಬಾಯಿಗಿಟ್ಟೆ. ಸಿಟ್ಟು ಎಷ್ಟೇ ಇರಲಿ, ಅಕ್ಕನ ಕೈಯ ಝುಣಕಾ ಝುಣಕಾವೇ. ಫೋನು ಇನ್ನೂ ತಾಟಿನ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಲೇ ಇತ್ತು. ನನ್ನ ಬಾಯಿಂದ ತಾನೇ ಬಂತು: “ಭಾಳ ಛಲೋ ಆಗ್ಯಾದ.”

ಅಕ್ಕ ಬಗ್ಗಿ ಓದಿದಳು. ಆಕೆಗೆ ಏನು ಓದಿದರೂ ಗಟ್ಟಿಯಾಗಿ ಓದುವ ರೂಢಿ. “ಬಾಳ ಚಲೋ,” ಎಂದಳು. ಕೂಸೇ, ನಡಿ ಹೋಗೋಣ ಎಂಬಂತಿದೆ ಮಾತು. “ಬಾಳ ಚಲೋ? ಎಲ್ಲಿಗಿ ಹೋಗೂದು?” ಮತ್ತೊಮ್ಮೆ ಓದಿದಳು, ಈ ಸಲ ಅವಸರವಾಗಿ. “ಬಾಳ ಚಲೋ. ಬಾಳ್‌ಚಲೋ.” ತುತ್ತು ಕೈಯಲ್ಲೇ ನಿಂತಿತು. ತನ್ನ ಬಾಯಿಂದ ಬಂದ ಮಾತನ್ನು ಆಕೆ ಎಲ್ಲೋ ಒಳಗೆ ಕೇಳಿಸಿಕೊಳ್ಳುತ್ತಿದ್ದಳು.

“ಅಗ್ಗ ಬಾಯೀ! ಭಾಳ ಛಲೋ! ಝುಣಕಾ ಭಾಳ ಛಲೋ ಆಗ್ಯಾದ ಅಂದಿ!”

ನಾನು ಹೌದು ಹೌದು ಎಂದು ಕೂಗಿದೆ. ಫೋನು ‘ಹೌದ ಹೌದ’ ಎಂದು ಬರೆಯಿತು. ಅಕ್ಕ ಅದನ್ನು ಓದಿ, “ಹೌದು! ತೊಟ್ಟಿ ಅಲ್ಲ, ಹೌದು!” ಎಂದು ತೊಡೆ ತಟ್ಟಿಕೊಂಡು ನಕ್ಕಳು. ಎಷ್ಟು ದಿನಗಳ ಮೇಲೆ ನಕ್ಕಳೋ ತಾಯಿ! ನಕ್ಕು ನಕ್ಕು ಕೆಮ್ಮು ಬಂದು ಭಾವ ನೀರು ಕೊಡಬೇಕಾಯಿತು. ಫೋನು ಎಷ್ಟು ಕೆಡಿಸಿ ಬರೆದರೂ ತನ್ನ ಬಾಯಲ್ಲಿ ಹಾಕಿಕೊಂಡು ಆಡಿದರೆ ಅದು ತಿರುಗಿ ಕನ್ನಡವಾಗುತ್ತದೆ ಎಂಬುದು ಆಕೆಗೆ ಹೊಳೆದುಬಿಟ್ಟಿತ್ತು. ಆಕೆ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದು, “ನೀವೂ ಏನಾರ ಅನ್ರಿ,” ಎಂದಳು.

ಭಾವ ಗಾಬರಿಯಾದರು. ಇಷ್ಟು ದಿನ ಹೆಂಡತಿಯ ಕಿವಿಗೆ ಒದರಿ ಒದರಿ ಗಂಟಲು ಕೆಟ್ಟಿದ್ದ ಮನುಷ್ಯ, ಮೆಲ್ಲಗೆ ಹೇಳು ಎಂದರೆ ಏನು ಹೇಳಬೇಕು? ಕೆಮ್ಮಿ, ಮೀಸೆ ಒರೆಸಿ, “ಉಪ್ಪು ಸ್ವಲ್ಪ ಕಮ್ಮಿ ಅದ,” ಎಂದರು. ಅಕ್ಕ ಓದಿದಳು. ಫೋನು ಉಪ್ಪನ್ನು ಏನೆಂದು ಬರೆದಿತ್ತೋ ನಾನು ನೋಡಲಿಲ್ಲ. ಆದರೆ ಆಕೆಗೆ ತಿಳಿದುಹೋಯಿತು. ಗಂಡನ ತಾಟು ತನ್ನ ಕಡೆ ಎಳೆದುಕೊಂಡು, “ಹಂಗಾದ್ರ ತಿನ್ನಬ್ಯಾಡ್ರಿ,” ಎಂದಳು. ಆ ಮನೆಯಲ್ಲಿ ಜಗಳ ಮತ್ತೆ ಶುರುವಾದದ್ದು ನೋಡಿ ನನಗೆ ಸಮಾಧಾನವಾಯಿತು.

ಆಕೆಯ ಫೋನಿಗೂ ಅದೇ ಆ್ಯಪ್ ಹಾಕಿ ಕೊಟ್ಟೆ. ಸಾಕರಪುಡಾಕ್ಕೆ ಬರುತ್ತೀಯೇನು ಎಂದು ಕೇಳಿದರೆ “ನೋಡೂಣು” ಎಂದಷ್ಟೇ ಹೇಳಿದಳು. ಮನೆಯಲ್ಲಿ ಮೂವರು ಕುಳಿತಾಗ ಓದುವುದು ಬೇರೆ, ತುಂಬಿದ ಮಂದಿಯ ನಡುವೆ ಬೇರೆ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಬೇಸನದ ಮಾತನ್ನು ಬಿಡಿಸಿ ಹೇಳದೆಯೇ ಬಂದೆನಲ್ಲ ಎಂದು ನೆನಪಾಯಿತು. ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ.

ಸಾಕರಪುಡಾದ ದಿನ ಹಾಲ್‌ನ ಬಾಗಿಲಲ್ಲಿ ಅತ್ತರು ಚಿಮುಕಿಸುತ್ತ ನಿಂತಿದ್ದರೂ ನನ್ನ ಕಣ್ಣು ರಸ್ತೆಯ ಮೇಲೇ ಇತ್ತು. ಹುಡುಗನ ಕಡೆಯವರು ಬಂದರು, ಅಕ್ಕ ಬರಲಿಲ್ಲ. ಭಟ್ಟರು ಶುರುಮಾಡಿದರು, ಬರಲಿಲ್ಲ. ನಾನು ಬಂದವರೊಂದಿಗೆಲ್ಲ ನಗುತ್ತ ಒಳಗೊಳಗೇ ಆಕೆಯನ್ನು ಬೈಯುತ್ತಿದ್ದೆ. ಮಗಳಿಗೆ ಹೊಸ ಸೀರೆಯ ಉಡಿ ತುಂಬುವ ಹೊತ್ತಿಗೆ ರಿಕ್ಷಾ ಬಂದು ನಿಂತಿತು. ಭಾವನ ಹಿಂದೆ ಅಕ್ಕ ಇಳಿದಳು. ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಕೊರಳಲ್ಲಿ ಹಳೆಯ ಸೀರೆಯ ಅಂಚಿನಿಂದ ಹೆಣೆದ ದಾರ, ಆ ದಾರಕ್ಕೆ ಕಟ್ಟಿದ ಫೋನು. ನನ್ನನ್ನು ನೋಡಿ, “ಹಿಂಗ್ಯಾಕ ನೋಡ್ತಿ? ನಿನ್ನ ಆ್ಯಪಿಗಿ ತೊಟ್ಟಿಲಾ ಮಾಡೀನಿ,” ಎಂದಳು.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಬೀಗಿತ್ತಿಯಾಗುವವರು ಪಕ್ಕಕ್ಕೆ ಬಂದು ಕುಳಿತು, “ಹುಡುಗಿ ಭಾಳ ಛಲೋ ಅದಾಳ್ರಿ,” ಎಂದರು. ಅಕ್ಕ ಫೋನು ನೋಡಿ, ತುಟಿ ಆಡಿಸಿ, “ನಮ್ಮ ಕೈಯಾಗ ಬೆಳದಾಳ್ರಿ, ಛಲೋ ಇರದಽ ಏನ ಮಾಡ್ತಾಳ?” ಎಂದಳು. ಪೇಢೆ ಕೊಡುವಾಗ ಆ ತಾಯಿ ‘ಸಾಕು ಸಾಕು’ ಎಂದರೆ ಫೋನು ‘ಸಾಸೂ ಸಾಸೂ’ ಎಂದು ಬರೆಯಿತು. ಮರಾಠಿಯಲ್ಲಿ ಅತ್ತೆ, ಅತ್ತೆ! ಅಕ್ಕ ಅದನ್ನು ನನ್ನ ಮಗಳಿಗೆ ತೋರಿಸಿ, “ನೋಡವಾ, ಈಗಿಂದಽ ಅಧಿಕಾರ ಚಾಲೂ ಆತು,” ಎಂದಳು. ಪುಣ್ಯಕ್ಕೆ ಬೀಗಿತ್ತಿಯೂ ನಕ್ಕರು.

ಆಮೇಲೆ ಹೆಂಗಸರು ಸುತ್ತ ಕುಳಿತರು. ಹಾಲ್‌ನಲ್ಲಿ ಗದ್ದಲ. ಕೂಸುಗಳ ಅಳು, ಪಾತ್ರೆಗಳ ಸದ್ದು, ಸ್ಪೀಕರಿನ ಹಾಡು ಎಲ್ಲ ಸೇರಿ ಫೋನಿನ ಪರದೆಯ ಮೇಲೆ ಕಿಚಡಿಯಾಗಿ ಓಡುತ್ತಿದ್ದವು. ಯಾರೋ ‘ಮೊದಲ ಅಕ್ಕಾರು ಹೇಳಲಿ’ ಎಂದರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕನಿಗೆ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂದಷ್ಟೇ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಕೆಯ ಮುಖದ ನಗು ಆರಿಹೋಯಿತು. ಸೆರಗನ್ನು ಭುಜಕ್ಕೆ ಎಳೆದುಕೊಂಡಳು. ಎದ್ದು ಹೋಗುವ ಮೊದಲು ಆಕೆ ಯಾವಾಗಲೂ ಹಾಗೆ ಮಾಡುತ್ತಾಳೆ. ನಾನೇ ಕರೆತಂದು ನಾನೇ ನಾಲ್ಕು ಮಂದಿಯಲ್ಲಿ ಆಕೆಯ ಮಾನ ಕಳೆದೆ ಅನ್ನಿಸಿತು.

ಹೋಗಿ ಮುಂದೆ ಕುಳಿತೆ. ಫೋನಿಗೆ ಬಾಯಿ ಹಚ್ಚಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: “ಒಡಪ.”

ಫೋನು ಬರೆಯಿತು: ‘ವಡಾಪಾವ್.’

ಅಕ್ಕ ಓದಿದಳು. ತುಟಿ ಆಡಿದವು. ವಡಾಪಾವ್. ವಡಾಪಾ. ಒಡಪ. ಮೊದಲು ಮೂಗಿನ ನತ್ತು ಅಲುಗಿತು, ಆಮೇಲೆ ಹೊಟ್ಟೆ. “ವಡಾಪಾವ ಬೇಕೇನ್ರಿ ಎಲ್ಲಾರಿಗೆ?” ಎಂದು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ತಗೋರಿ ಹಂಗಾದ್ರ, ಬಿಸಿ ಬಿಸಿ:”

“ಸೋಲಾಪುರದ ಚಾದರಕ್ಕ ಎರಡೂ ಕಡಿ ಬಣ್ಣ,
ಒಡಪ ಅಂದ್ರ ವಡಾಪಾವ ಓದತಾವ ನನ್ನ ಕಣ್ಣ,
ಒದರಿ ಒದರಿ ಗಂಟಲ ಹರೀತು, ಆದ್ರೂ ಬಿಡವಲ್ರು ಇವರು,
ಇವರ ಹೆಸರ ಹೇಳತೀನಿ, ಕೇಳ್ರಿ ಕಿವಿ ಇದ್ದವರು!”

ಅದರ ಹಿಂದೆಯೇ ಭಾವನ ಹೆಸರು ಹೇಳಿದಳು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಒಡಪಿನಲ್ಲೇ ಇರಲಿ. ಹಾಲ್ ಎದ್ದು ಬಿದ್ದು ನಕ್ಕಿತು. ಗಂಡಸರು ಎಲೆಯಡಿಕೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಭಾವ ಅವರ ಹಿಂದೆ ಕಂಬಕ್ಕೆ ಆತುಕೊಂಡು ಟೋಪಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಚಪ್ಪಾಳೆಯನ್ನು ಫೋನು ಏನೆಂದೂ ಬರೆಯಲಿಲ್ಲ. ಅಕ್ಕ ಅದನ್ನು ಕಣ್ಣಿಂದಲೇ ನೋಡಿಕೊಂಡು, ಇನ್ನೂ ಎರಡು ಒಡಪು ಹೇಳಿ, ಆಮೇಲೆ ಉಳಿದವರಿಗೆ ಬಿಟ್ಟುಕೊಟ್ಟಳು.

ಸಂಜೆ ಅಕ್ಕ, ಭಾವ ಇಬ್ಬರೂ ಅಕ್ಕಲಕೋಟೆಗೆ ಹೋದರು. ರಿಕ್ಷಾ ಹತ್ತುವಾಗ ಮಾತಾಡಲು ಸಮಯವಾಗಲಿಲ್ಲ. ನಾಲ್ಕು ಜನ ನಡುವೆ ಬಂದರು, ಡಬ್ಬಿ ಎಲ್ಲಿ, ಚೀಲ ಎಲ್ಲಿ ಎಂದು ಗಡಿಬಿಡಿಯಾಯಿತು.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ಒರಗಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡೆ. ಮನೆಯೆಲ್ಲ ಸುಮ್ಮನಿತ್ತು. ನಿನ್ನೆಯ ಹೂವು ಮೂಲೆಯಲ್ಲಿ ಬಾಡಿದ್ದವು. ಯಜಮಾನರು ಒಳಗೆ ‘ಖರೇ ಖರೇ’ ಎನ್ನುತ್ತಿದ್ದರು. ಆಗ ಫೋನು ಟಿಂಗ್ ಎಂದಿತು. ಅಕ್ಕನ ಸಂದೇಶ. ಮಾತಾಡಿ ಬರೆಸಿದ್ದಲ್ಲ ಅದು. ಎಲ್ಲೆಲ್ಲೋ ಬೆರಳು ತಪ್ಪಿ, ಅಳಿಸಿ, ಮತ್ತೆ ಒತ್ತಿ, ಬಾಳಬೋಧದಲ್ಲಿ ಆಕೆ ತನ್ನ ಕೈಯಿಂದಲೇ ಬರೆದಿದ್ದಳು. ಮೊದಲ ಸಲ ಬರೆಯುತ್ತಿದ್ದಳಲ್ಲ, ನಡುನಡುವೆ ಬೇಡದ ಚುಕ್ಕಿಗಳೂ ಬಿದ್ದಿದ್ದವು.

‘ನೀ ಇಲ್ದ ಬಾಳ ಬೇಸನ್.’

ಓದಿದೆ. ಅಕ್ಕನಂತೆಯೇ ಗಟ್ಟಿಯಾಗಿ ಇನ್ನೊಮ್ಮೆ ಓದಿದೆ. ಈ ಸಲ ತಪ್ಪು ಬರೆದದ್ದು ಫೋನಾಗಿರಲಿಲ್ಲ. ನಾನು ಅಡಿಗೆಮನೆಯ ಆ ವಾಲಿದ ಹಲಗೆ ಹಿಡಿದುಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಆಮೇಲೆ ಮುಖ ತೊಳೆದು ಚಪ್ಪಲಿ ಮೆಟ್ಟಿದೆ.

ಯಜಮಾನರಿಗೆ ಎಚ್ಚರವಾಗಿ, “ಇಷ್ಟ ಬಿಸಲಾಗ ಎಲ್ಲಿಗಿ ಹೊಂಟಿ?” ಎಂದರು.

“ಅಕ್ಕಲಕೋಟಿಗಿ,” ಎಂದೆ. “ಝುಣಕಾ ತಿನ್ನಾಕ.”